'ಪಾಸಿಟಿವ್' ಅಂದ್ರೆ ಒಳ್ಳೇದಲ್ಲ

(ಬ್ರಿಸ್ಬೇನಿನ ಕನ್ನಡ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ರಾಜ್ಯೋತ್ಸವದ ವೇದಿಕೆಯಲ್ಲಿ ಸಿಗಡಿಯ ಮಾತೇಕೆ ಅಂತ ನೀವು ಕೇಳಬಹುದು. ನನ್ನೂರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿಯ ದಂಡೆಯ ಮೇಲಿದೆ. ಅಲ್ಲಿ ಸಿಗಡಿಗೆ ಶೆಟ್ಲಿ ಅಂತೀವಿ. ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕಟಾವಾದ ಮೇಲೆ ಉಬ್ಬರದ ನೀರಿನ ಜೊತೆ ತಾನಾಗಿ ಬಂದ ಶೆಟ್ಲಿ. ಇದು ಹಿರಿಯರ ಪದ್ಧತಿ. 1990ರ ದಶಕದಲ್ಲಿ ಹ್ಯಾಚರಿ ಮರಿ ತಂದು ಸಾಕುವ ಕೆರೆಗಳು ಹೆಚ್ಚಿದವು. ಹಿಂದೆಯೇ ಬಿಳಿಚುಕ್ಕೆ ರೋಗವೂ ಬಂತು.

ಈ ವೈರಸ್ 1992ರ ಸುಮಾರಿಗೆ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡು, 1994-95ರಲ್ಲಿ ಭಾರತಕ್ಕೂ 1999ರಲ್ಲಿ ಈಕ್ವೆಡಾರ್‌ಗೂ ಮುಟ್ಟಿತು. ಸಿಗಡಿ ತಿಂದ ಮನುಷ್ಯರಿಗೆ ಇದರಿಂದ ಏನೂ ಆಗದು. ಆದರೆ ಕೆರೆಯಲ್ಲಿ ರೋಗ ಎದ್ದರೆ 3ರಿಂದ 10 ದಿನದಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಔಷಧಿ ಇಲ್ಲ.

2004ರಲ್ಲಿ ನಾನು ಎಸ್ಸೆಸ್ಸೆಲ್ಸಿ. ಚಿಕ್ಕಪ್ಪ ಸಾಲ ಮಾಡಿ ಕೆರೆ ಸಿದ್ಧಪಡಿಸಿದ್ದರು. ಮರಿ ಬಿಡುವ ಮುಂಚೆ ಪಿಸಿಆರ್ ಪರೀಕ್ಷೆಗೂ ಕೊಟ್ಟಿದ್ದರು. ವರದಿ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. "ಏ ತಮ್ಮ, ಎಂತ ಬರ್ದಾರೆ ನೋಡು" ಅಂದರು. ಕೊನೆಯ ಸಾಲಿನಲ್ಲಿ 'ಪಾಸಿಟಿವ್' ಅಂತಿತ್ತು. ಒಳ್ಳೇದು ಚಿಕ್ಕಪ್ಪ, ಬಿಡಬಹುದು ಅಂತ ಹೇಳಿದವನು ನಾನೇ.

ಸುಮಾರು 40ನೇ ದಿನಕ್ಕೆ ಶೆಟ್ಲಿಗಳು ದಂಡೆಗೆ ಬಂದು ಒರಗತೊಡಗಿದವು. ಚಿಪ್ಪಿನ ಮೇಲೆ ಬಿಳಿ ಚುಕ್ಕೆ. ಕೆಟ್ಟ ನೀರು ಹೋಗಲಿ ಅಂತ ಚಿಕ್ಕಪ್ಪ ಇಳಿತದ ಹೊತ್ತಿಗೆ ಬಾಗಿಲ ಹಲಗೆ ಎತ್ತಿಬಿಟ್ಟರು. ಸ್ವಲ್ಪ ದಿನದಲ್ಲೇ ಅಕ್ಕಪಕ್ಕದ ಮೂರು ಕೆರೆಗಳೂ ಖಾಲಿ. ಚಿಕ್ಕಪ್ಪ ಇವತ್ತಿನವರೆಗೆ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆಮೇಲೆ ಈ ವಿಷಯ ಓದಿ ತಿಳಿದುಕೊಂಡೆ. ನದಿಯ ಏಡಿ, ಕಾಡುಸಿಗಡಿಗಳೂ ಈ ವೈರಸ್ ಹೊತ್ತು ತಿರುಗುತ್ತವೆ, ಎಷ್ಟೋ ಸಲ ರೋಗದ ಗುರುತೇ ಇಲ್ಲದೆ. ಕೆರೆಯಲ್ಲಿ ಒತ್ತೊತ್ತಾಗಿ ತುಂಬಿದಾಗ, ಮಳೆ ಬಿದ್ದು ಉಪ್ಪು ಇಳಿದಾಗ ಅದೇ ವೈರಸ್ ಎದ್ದು ಕೂರುತ್ತದೆ. ನಮ್ಮ ದೇಹದಂತೆ ಪ್ರತಿಕಾಯ ತಯಾರಿಸುವ ವ್ಯವಸ್ಥೆ ಸಿಗಡಿಗಿಲ್ಲ. ಹಾಗಾಗಿ ನಮಗೆ ಹಾಕುವಂಥ ಲಸಿಕೆ ಅದಕ್ಕೆ ನಾಟದು.

ಹಾಗಾದರೆ ರೋಗ ತಡೆಯುವ ತಳಿ? ಇಲ್ಲೂ ಪದದ ಗೊಂದಲವಿದೆ. 2009ರಿಂದ ಭಾರತದಲ್ಲಿ ಸಾಕುತ್ತಿರುವ ವನ್ನಾಮಿ ಸಿಗಡಿಯ ತಾಯಿ ತಳಿ 'ರೋಗಮುಕ್ತ'. ಅಂದರೆ ಗೊತ್ತುಮಾಡಿದ ಕೆಲವು ರೋಗಾಣುಗಳು ಅದರಲ್ಲಿಲ್ಲ, ಅಷ್ಟೇ. 'ರೋಗನಿರೋಧಕ' ಅಂತಲ್ಲ. ನದಿಯ ನೀರಿನಲ್ಲಿ ವೈರಸ್ ಬಂದರೆ ಅದೂ ಸಾಯುತ್ತದೆ. 1992ರಲ್ಲಿ ಈಕ್ವೆಡಾರ್‌ನಲ್ಲಿ ಕಂಡ ಟೌರಾ ರೋಗಕ್ಕೆ ಆಯ್ದು ಬೆಳೆಸಿದ ತಳಿಗಳು ಚೆನ್ನಾಗಿ ತಡೆದವು. ಬಿಳಿಚುಕ್ಕೆಗೆ ಆ ಗುಣ ತಾಯಿಯಿಂದ ಮರಿಗೆ ಇಳಿಯುವುದು ಕಡಿಮೆ, ಕೆಲಸ ನಿಧಾನ. ಈಕ್ವೆಡಾರ್‌ನವರು ಬದುಕುಳಿದ ಸಿಗಡಿಗಳಿಂದಲೇ ತಳಿ ಎತ್ತುತ್ತಾ ವರ್ಷಗಟ್ಟಲೆ ತಾಳ್ಮೆಯಿಂದ ದುಡಿದರು.

2016ರ ಕೊನೆಯಲ್ಲಿ ಇದೇ ರೋಗ ನಮ್ಮ ಬ್ರಿಸ್ಬೇನಿನ ಪಕ್ಕದ ಲೋಗನ್ ನದಿಯ ಕೆರೆಗಳಿಗೆ ಬಂತು. ಸರ್ಕಾರ ಕೆರೆಗಳಿಗೆ ಕ್ಲೋರಿನ್ ಸುರಿಸಿತು. ಅಡುಗೆಗೆ ಕೊಂಡ ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸಬೇಡಿ ಅಂತ ಜನರಿಗೆ ಅವರ ಮಾತಿನಲ್ಲೇ ತಿಳಿಹೇಳಿತು. ಆದರೂ 2017ರಲ್ಲಿ ಮೋರ್ಟನ್ ಕೊಲ್ಲಿಯ ಕಾಡುಸಿಗಡಿ, ಏಡಿಗಳಲ್ಲಿ ವೈರಸ್ ಸಿಕ್ಕಿತು. ಇಷ್ಟೆಲ್ಲ ಇರುವವರಿಗೇ ಇಷ್ಟು ಕಷ್ಟ.

ನಮ್ಮಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮೊದಲಾದವರು 1990ರ ದಶಕದಲ್ಲೇ ಪಶ್ಚಿಮ ಕರಾವಳಿಯ ಬಿಳಿಚುಕ್ಕೆ ರೋಗದ ಬಗ್ಗೆ ಸಂಶೋಧನೆ ಮಾಡಿದ್ದರು. ಚಿಕ್ಕಪ್ಪ ಪರೀಕ್ಷೆಗೂ ದುಡ್ಡು ಕೊಟ್ಟಿದ್ದರು. ಕೊರತೆಯಿದ್ದದ್ದು ಒಂದೇ ಒಂದು ಸಾಲು: "ರೋಗ ಇದೆ. ಈ ಮರಿ ಬಿಡಬೇಡಿ."

ಗೆಳೆಯರೇ, ಕನ್ನಡ ಉಳಿಸಿ ಅಂತ ನಾವು ಭಾಷಣ ಮಾಡ್ತೀವಿ. ಆ ದಿನ ಕನ್ನಡವೇ ನಾಲ್ಕು ಮನೆ ಉಳಿಸಬಹುದಿತ್ತು. ವರದಿ ಅಚ್ಚು ಹಾಕುವ ತಂತ್ರಾಂಶ ಬರೆಯುವವರು ನಮ್ಮಂಥವರೇ ತಾನೇ? ನೀವು ಕೆಲಸ ಮಾಡುವ ಕಡೆ ನೀರು, ಮಣ್ಣು, ರಕ್ತ, ಏನೇ ಪರೀಕ್ಷೆಯ ವರದಿ ಕನ್ನಡನಾಡಿಗೆ ಹೋಗುವುದಿದ್ದರೆ, ಅದರಲ್ಲಿ ಒಂದು ಕನ್ನಡ ಸಾಲು ಸೇರಿಸಲು ಪಟ್ಟು ಹಿಡಿಯಿರಿ. ಯಾವುದೋ ಊರಿನ ಹತ್ತನೇ ಕ್ಲಾಸಿನ ಹುಡುಗನ ತಲೆಯ ಮೇಲೆ ಆ ಭಾರ ಹಾಕಬೇಡಿ.

ಸಿರಿಗನ್ನಡಂ ಗೆಲ್ಗೆ.