ಪೆರೋಲ್: ಕೊಟ್ಟ ಭಾಷೆ, ಬಿಡುವ ಕೈ

ಪೆರೋಲ್ ಎಂಬುದು ಫ್ರೆಂಚ್ ಶಬ್ದ. ಅದರ ಅರ್ಥ ‘ಮಾತು’. ಸೆರೆಸಿಕ್ಕ ಸೈನಿಕನು ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ಬಿಡುಗಡೆ ಪಡೆಯುತ್ತಿದ್ದ ಕಾಲದ ಶಬ್ದವಿದು. ನಮ್ಮಲ್ಲಿ ‘ಭಾಷೆ ಕೊಡುವುದು’ ಎನ್ನುತ್ತಾರಲ್ಲ, ಅದೇ. ಆದರೆ ಕೈದಿಯ ಭಾಷೆಯನ್ನು ನಂಬಬೇಕೆ ಬೇಡವೆ ಎಂದು ತೀರ್ಮಾನಿಸುವವರು ಯಾರು?

ಅಮೆರಿಕದ ಅನೇಕ ರಾಜ್ಯಗಳಲ್ಲಿ ಇದಕ್ಕೆಂದೇ ಒಂದು ಮಂಡಳಿಯುಂಟು. ಸಾಮಾನ್ಯವಾಗಿ ಅದರ ಸದಸ್ಯರನ್ನು ಗವರ್ನರ್ ನೇಮಿಸುತ್ತಾರೆ. ಹಲವೆಡೆ ಸೆನೆಟ್ಟಿನ ಒಪ್ಪಿಗೆಯೂ ಬೇಕು. ಕರ್ನಾಟಕದಲ್ಲಿ ಅಂಥ ಮಂಡಳಿಯಿಲ್ಲ. ಇಲ್ಲಿ ಪೆರೋಲ್ ಬೇರೆ, ಅವಧಿಪೂರ್ವ ಬಿಡುಗಡೆ ಬೇರೆ. ಮೊದಲನೆಯದು ಕೆಲವು ದಿನಗಳ ರಜೆ, ಎರಡನೆಯದು ಶಿಕ್ಷೆಯ ಕೊನೆ. ಇವೆರಡನ್ನೂ ಒಂದೇ ಎಂದು ತಿಳಿದು ವಕೀಲರ ಮನೆಗೂ ಸೆರೆಮನೆಗೂ ಅಲೆಯುವವರು ಕಡಿಮೆಯಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಬೇರೆಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಿಗೆಲ್ಲ ಒಂದೇ ಕಾನೂನಾಗಿ ಬಂದದ್ದು 1963ರ ಕಾರಾಗೃಹ ಅಧಿನಿಯಮ. ಮನೆಯವರ ಸಾವು, ತೀವ್ರ ಕಾಯಿಲೆ ಅಥವಾ ಇನ್ನಾವುದೇ ವಿಶೇಷ ಕಾರಣಕ್ಕೆ ಕೈದಿಯನ್ನು ತಾತ್ಕಾಲಿಕವಾಗಿ ಬಿಡಲು ಅದು ದಾರಿ ಮಾಡಿಕೊಟ್ಟಿತು. 1974ರ ನಿಯಮಗಳೂ 2021ರ ಕೈಪಿಡಿಯೂ ಅದರ ವಿವರಗಳನ್ನು ಹೇಳುತ್ತವೆ.

ಜೇವರ್ಗಿಯ ಭೀಮಾ ದಂಡೆಯ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಮಗ ಕಲಬುರಗಿಯ ಕೇಂದ್ರ ಕಾರಾಗೃಹದಲ್ಲಿದ್ದಾನೆ, ತಾಯಿ ಹಾಸಿಗೆ ಹಿಡಿದಿದ್ದಾಳೆ. ಅರ್ಜಿ ಸೆರೆಮನೆಯ ಅಧೀಕ್ಷಕರಿಗೆ ಹೋಗುತ್ತದೆ. ಅಲ್ಲಿಂದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅವರಿಂದ ಠಾಣೆಗೆ. ಒಂದು ದಿನ ಪೇದೆಯೋ ಫೌಜದಾರರೋ ಊರಿಗೆ ಬಂದು ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರನ್ನು ಕೇಳುತ್ತಾರೆ. ಹೇಳಿಕೆ ಬರೆದುಕೊಳ್ಳುತ್ತಾರೆ, ಜಾಮೀನು ನಿಲ್ಲುವವರು ಯಾರೆಂದು ವಿಚಾರಿಸುತ್ತಾರೆ. ಇಡೀ ವ್ಯವಸ್ಥೆಯ ಜೀವ ಇರುವುದು ಈ ಕಟ್ಟೆಯಲ್ಲಿ. ‘ಬಂದರೆ ಶಾಂತಿಭಂಗವಾಗುವ ಸಂಭವವಿದೆ’ ಎಂಬ ಒಂದು ಸಾಲು ವರದಿಯಲ್ಲಿ ಸೇರಿದರೆ ಸಾಕು, ಅರ್ಜಿ ಬಹುಪಾಲು ಮುಗಿದಂತೆಯೇ.

ಆ ಸಾಲು ಯಾವಾಗಲೂ ಸುಳ್ಳು ಎನ್ನಲಾಗದು. ಕೊಲೆಯಾದವನ ಮನೆಯೂ ಅದೇ ಓಣಿಯಲ್ಲಿರುತ್ತದೆ, ಇಬ್ಬರ ಹೊಲದ ಬದುವೂ ಒಂದೇ ಇರಬಹುದು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆ ಹತ್ತು ಹದಿನೈದು ದಿನ ಬಾಗಿಲು ತೆರೆಯುವುದೇ ಭಯ. ದೂರ ಇರುವುದು ಇಲ್ಲಿ: ಸಂಭವವಿದೆ ಎನ್ನುವವರು ಯಾವ ಆಧಾರದ ಮೇಲೆ ಎಂದು ಬರೆಯುವುದು ಅಪರೂಪ. ಕಾರಣವಿಲ್ಲದ ನಿರಾಕರಣೆಯನ್ನು ಪ್ರಶ್ನಿಸಲು ಉಳಿಯುವ ದಾರಿ ಹೈಕೋರ್ಟು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಆದದ್ದರಿಂದ ಬೆಂಗಳೂರಿನ ರೈಲು ಹತ್ತುವುದಾದರೂ ತಪ್ಪಿತು. ಹೈಕೋರ್ಟು 2023ರಲ್ಲಿ ಒಬ್ಬ ಕೈದಿಗೆ ಮದುವೆಗಾಗಿ 15 ದಿನ, 2024ರಲ್ಲಿ ಜೀವಾವಧಿ ಕೈದಿಯೊಬ್ಬನಿಗೆ ಬೇಸಾಯ ನೋಡಿಕೊಳ್ಳಲು 90 ದಿನ ಪೆರೋಲ್ ಕೊಡಿಸಿತು. ತೊಗರಿಯ ಬಿತ್ತನೆಗೆ, ರಾಶಿಗೆ ಆಳಿಲ್ಲದ ಮನೆಗಳಿಗೆ ಈ ಎರಡನೆಯ ಆದೇಶ ಸಣ್ಣ ಸುದ್ದಿಯಲ್ಲ.

ಇನ್ನು ಅವಧಿಪೂರ್ವ ಬಿಡುಗಡೆ. ಜೀವಾವಧಿ ಎಂದರೆ 14 ವರ್ಷ ಎಂಬುದು ಕಟ್ಟೆಯ ಕಾನೂನು. ಜೀವಾವಧಿ ಎಂದರೆ ಜೀವ ಇರುವ ತನಕ ಎಂದು ಸುಪ್ರೀಂ ಕೋರ್ಟು 1961ರಲ್ಲೇ, ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಹೇಳಿದೆ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿಯಾಗಿದ್ದರೆ 14 ವರ್ಷಕ್ಕೆ ಮೊದಲು ಸರ್ಕಾರ ಬಿಡುವಂತಿಲ್ಲ ಎಂಬುದು 1978ರಲ್ಲಿ ಬಂದ ನಿಯಮ. ಅದು ಕನಿಷ್ಠ ಮಿತಿಯೇ ಹೊರತು ಬಿಡುಗಡೆಯ ದಿನಾಂಕವಲ್ಲ.

ಆಮೇಲೆ ಶಿಫಾರಸು ಮಾಡಲು ಸಮಿತಿಯುಂಟು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ರಾಜ್ಯಗಳಿಗೆ ಕೊಟ್ಟ ಮಾದರಿಯಲ್ಲಿ ಗೃಹ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಹೈಕೋರ್ಟು ಹೆಸರಿಸುವ ಜಿಲ್ಲಾ ನ್ಯಾಯಾಧೀಶರು, ಪರಿವೀಕ್ಷಣಾ ಅಧಿಕಾರಿ, ಹಿರಿಯ ಪೊಲೀಸ್ ಅಧಿಕಾರಿ ಮತ್ತು ಕಾರಾಗೃಹಗಳ ಮುಖ್ಯಸ್ಥರು ಇರಬೇಕು. ಹೆಚ್ಚಿನವರು ಹುದ್ದೆಯಿಂದಲೇ ಬರುವವರು. ವರ್ಗವಾದರೆ ಸದಸ್ಯತ್ವವೂ ಹೋಯಿತು. ಸತ್ತವನ ಮನೆಯವರಿಗೆ ಈ ಪಟ್ಟಿಯಲ್ಲಿ ಕುರ್ಚಿಯಿಲ್ಲ. ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ ಪಡೆಯುತ್ತಾರೆ. ಅದರಲ್ಲಿ ಕಾರಣಗಳಿರಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಇದಲ್ಲದೆ ಸಂವಿಧಾನದ 161ನೆಯ ವಿಧಿಯಂತೆ ರಾಜ್ಯಪಾಲರ ಕ್ಷಮಾಧಿಕಾರ ಬೇರೆಯೇ ಇದೆ. ಅದನ್ನೂ ಅವರು ಮಂತ್ರಿಮಂಡಲದ ಸಲಹೆಯಂತೆಯೇ ಚಲಾಯಿಸುತ್ತಾರೆ.

ಆಳಂದ, ಅಫಜಲಪುರದವರಿಗೆ ಇನ್ನೊಂದು ತೊಡಕುಂಟು. ಅಕ್ಕಲಕೋಟೆ ಗಡಿಯಾಚೆ. ಇಲ್ಲಿಯವನಿಗೆ ಸೊಲ್ಲಾಪುರದ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದರೆ ಬಿಡುಗಡೆಯ ಅಧಿಕಾರ ಮಹಾರಾಷ್ಟ್ರದ್ದು. ಬಿಲ್ಕಿಸ್ ಬಾನೊ ಪ್ರಕರಣದ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ 2022ರ ಆಗಸ್ಟ್ 15ರಂದು ಬಿಟ್ಟಿತು. ವಿಚಾರಣೆ ನಡೆದದ್ದು ಮುಂಬಯಿಯಲ್ಲಿ, ಆದ್ದರಿಂದ ಗುಜರಾತಿಗೆ ಅಧಿಕಾರವಿರಲಿಲ್ಲವೆಂದು ಸುಪ್ರೀಂ ಕೋರ್ಟು 2024ರ ಜನವರಿ 8ರಂದು ಆ ಬಿಡುಗಡೆಯನ್ನು ರದ್ದುಮಾಡಿತು.

2025ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಮತ್ತೊಂದು ಮಾತು ಹೇಳಿತು: ಬಿಡುಗಡೆಯ ನೀತಿಯಿರುವ ರಾಜ್ಯದಲ್ಲಿ ಕೈದಿಗೆ ಅರ್ಹತೆ ಬಂದಾಗ ಅರ್ಜಿಗೆ ಕಾಯದೆ ಸರ್ಕಾರವೇ ಪರಿಶೀಲಿಸಬೇಕು. ಅರ್ಜಿ ಬರೆಸಲು ಗತಿಯಿಲ್ಲದವರಿಗೆ ಇದು ದೊಡ್ಡ ಅನುಕೂಲ.

ಪೆರೋಲಿನ ಮೇಲೆ ಬಂದವನು ಗಡುವಿನೊಳಗೆ ಸೆರೆಮನೆಯ ಬಾಗಿಲಿಗೆ ಮರಳಬೇಕು. ಮರಳದಿದ್ದರೆ ಅದೇ ಹೊಸ ಅಪರಾಧ. ಮನೆಯಲ್ಲಿ ಕಳೆದ ದಿನಗಳು 14 ವರ್ಷದ ಲೆಕ್ಕಕ್ಕೆ ಬರುವುದಿಲ್ಲ ಎಂದು 2023ರ ಜನವರಿಯಲ್ಲಿ ಗೋವಾದ ಕೈದಿಗಳ ಪ್ರಕರಣದಲ್ಲಿ ತೀರ್ಪಾಗಿದೆ. ತಾಯಿಯ ಮಗ್ಗುಲಲ್ಲಿ ಕುಳಿತ ಒಂದು ತಿಂಗಳನ್ನು ಅವನು ಕೊನೆಗೆ ಒಳಗೇ ತೀರಿಸುತ್ತಾನೆ.