ಹಳೆಯ ಗಣಕಯಂತ್ರಕ್ಕೆ ಹೊಸ ಉಸಿರು

ಮಲ್ಲಿಪಟ್ಟಣದಂಥ ಊರುಗಳಲ್ಲಿ ಅಣ್ಣ ಬಳಸಿದ ಗಣಕಯಂತ್ರವೇ ತಂಗಿಗೆ ಬರುವುದುಂಟು. ಅದು ತೀರಾ ನಿಧಾನವಾದರೆ ವಿಂಡೋಸ್ 10ನ್ನು ಮತ್ತೆ ಅಳವಡಿಸಬಹುದು. ಮೊದಲು ನಿಮ್ಮ ಟಿಪ್ಪಣಿ, ಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಡಿಸ್ಕ್ ಅಳಿಸಿದ ಮೇಲೆ ಪರಿತಪಿಸಿ ಫಲವಿಲ್ಲ.

ಹಿಂದೆ ಸಕ್ರಿಯವಾಗಿದ್ದ ಯಂತ್ರದ ಡಿಜಿಟಲ್ ಪರವಾನಗಿ ಅದರ ಮದರ್‌ಬೋರ್ಡಿಗೆ ಹೊಂದಿಕೊಂಡಿರುತ್ತದೆ. ಹೋಂ ಇದ್ದಲ್ಲಿ ಹೋಂ, ಪ್ರೊ ಇದ್ದಲ್ಲಿ ಪ್ರೊ ಹಾಕಿ ಅಂತರಜಾಲಕ್ಕೆ ಜೋಡಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಸಕ್ರಿಯವಾಗುತ್ತದೆ. ಮತ್ತೆ ಹಣ ತೆರಬೇಕಿಲ್ಲ. ವೈರಸ್ ತರಬಲ್ಲ ಕಳ್ಳ ತಂತ್ರಾಂಶವೂ ಬೇಡ.

ಆದರೆ ವಿಂಡೋಸ್ 10ರ ಎಂದಿನ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಅದಿಲ್ಲದ ಯಂತ್ರಕ್ಕೆ ಉಚಿತ ಲಿನಕ್ಸ್ ಇದೆ. ಅದರಲ್ಲಿ ಕನ್ನಡವನ್ನೂ ಬರೆಯಬಹುದು. ಸಕ್ರಿಯಗೊಳಿಸುವ ಗೋಜೇ ಇಲ್ಲ. ಹಳೆಯದೆಂದು ಮೂಲೆಗೆ ಸರಿಸುವ ಮುನ್ನ ಇದನ್ನು ಪ್ರಯತ್ನಿಸಿ ನೋಡಿ.