ಉಗ್ರಾಣದಿಂದ ಹಾರುವ ವಿಮಾನ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡಿದವರಿಗೆ ಧ್ರುವ ಹೆಲಿಕಾಪ್ಟರಿನ ಸದ್ದು ಹೊಸದಲ್ಲ. 1992ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ಹಾರಿದ್ದು ಇದೇ ಊರಿನಲ್ಲಿ. ತಯಾರಾಗುವುದೂ ಇಲ್ಲಿನ ಎಚ್‌ಎಎಲ್ ಕಾರ್ಖಾನೆಯಲ್ಲೇ. ಈ ಧ್ರುವಗಳಲ್ಲಿ ಏಳು, ಭೂಮಿಯ ಇನ್ನೊಂದು ಮಗ್ಗುಲಿನ ಈಕ್ವೆಡಾರ್ ದೇಶಕ್ಕೆ ಹೋದವು.

2009ರ ಅಕ್ಟೋಬರ್ 27. ಈಕ್ವೆಡಾರ್‌ನ ರಾಜಧಾನಿ ಕ್ವಿಟೊದಲ್ಲಿ ವಾಯುಪಡೆಯ ವಾರ್ಷಿಕೋತ್ಸವ. ಮೂರು ಧ್ರುವಗಳು ಜೊತೆಯಾಗಿ ಹಾರಿ ಬರುತ್ತಿವೆ. ಅವುಗಳಲ್ಲೊಂದು ಹಿಡಿತ ತಪ್ಪಿ ನೆಲಕ್ಕೆ ಬಿತ್ತು. ಪೈಲಟ್‌ಗಳು ಬದುಕಿಕೊಂಡರು. 2015ರ ಜನವರಿ ಕಳೆಯುವ ಹೊತ್ತಿಗೆ ಏಳರಲ್ಲಿ ನಾಲ್ಕು ಬಿದ್ದಿದ್ದವು. ಅದೇ ವರ್ಷ ಈಕ್ವೆಡಾರ್ ಒಪ್ಪಂದವನ್ನು ರದ್ದು ಮಾಡಿ, ಉಳಿದ ಮೂರನ್ನು ಹಾರಿಸುವುದನ್ನೇ ಬಿಟ್ಟಿತು.

ಯಾರ ತಪ್ಪು ಎಂಬ ಜಗಳಕ್ಕೆ ಆಮೇಲೆ ಬರೋಣ. ಸಣ್ಣ ದೇಶವೊಂದು ವಾಯುಪಡೆಯನ್ನು ಸಾಕುವುದೆಂದರೆ ಏನು ಎಂಬುದನ್ನು ಮೊದಲು ನೋಡೋಣ. ಸಾಕುವುದು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ.

ಈಕ್ವೆಡಾರ್ ನಮ್ಮ ಕರ್ನಾಟಕದ ಸುಮಾರು ಒಂದೂವರೆ ಪಟ್ಟು ವಿಸ್ತಾರದ ನಾಡು. ಜನಸಂಖ್ಯೆ ಎರಡು ಕೋಟಿಗೂ ಕಡಿಮೆ. ಬಾಳೆಹಣ್ಣು, ಸಿಗಡಿ, ತೈಲ ಮಾರಿ ಬದುಕುವ ದೇಶ. ಪಕ್ಕದ ಪೆರುವಿನೊಂದಿಗೆ ಹಳೆಯ ಗಡಿ ತಕರಾರು. ಅದರಿಂದಾಗಿ 1970ರ ದಶಕದಲ್ಲಿ ತೈಲದ ಹಣ ಕೈಗೆ ಬಂದ ಕೂಡಲೇ ಯುದ್ಧವಿಮಾನ ಕೊಳ್ಳಲು ಹೊರಟಿತು. ಬ್ರಿಟನ್ನಿನಿಂದ 12 ಜಾಗ್ವಾರ್ ಬಂದವು. ಇಸ್ರೇಲಿನ ಕ್ಫೀರ್ ವಿಮಾನಗಳನ್ನೂ ಕೇಳಿತು. ಇಸ್ರೇಲ್ ಮಾರಲು ಸಿದ್ಧ, ಈಕ್ವೆಡಾರ್ ಕೊಳ್ಳಲು ಸಿದ್ಧ. ಆದರೆ 1977ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬೇಡ ಎಂದರು. ಕ್ಫೀರ್‌ನ ಹೊಟ್ಟೆಯೊಳಗಿದ್ದ ಎಂಜಿನ್ ಅಮೆರಿಕದ್ದು. ಅಪ್ಪಣೆಯೂ ಅವರದೇ ಬೇಕಿತ್ತು. ಈಕ್ವೆಡಾರ್ ಫ್ರಾನ್ಸಿನ ಮಿರಾಜ್ ಎಫ್-1ಗಳ ಕಡೆ ತಿರುಗಿತು. ಮುಂದೆ ರೇಗನ್ ಬಂದ ಮೇಲೆ ಅಪ್ಪಣೆ ಸಿಕ್ಕಿ, 1982ರಲ್ಲಿ ಕ್ಫೀರ್‌ಗಳೂ ಬಂದವು. ಹೀಗೆ ಒಂದು ಸಣ್ಣ ವಾಯುಪಡೆಯಲ್ಲಿ ಮೂರು ದೇಶಗಳ ಯುದ್ಧವಿಮಾನಗಳು ಸೇರಿಕೊಂಡವು.

ಈ ಪಡೆಯ ಹೆಮ್ಮೆಯ ದಿನ 1995ರ ಫೆಬ್ರುವರಿ 10. ಸೆನೆಪಾ ಕಣಿವೆಯ ಕಾಡಿನಲ್ಲಿ ಪೆರುವಿನೊಡನೆ ಕಾಳಗ ನಡೆದಿತ್ತು. ಪೆರುವಿನ ವಿಮಾನಗಳು ಬರುತ್ತಿರುವುದು ರಡಾರ್‌ನಲ್ಲಿ ಕಂಡೊಡನೆ ಟೌರಾ ನೆಲೆಯಿಂದ ಎರಡು ಮಿರಾಜ್, ಎರಡು ಕ್ಫೀರ್ ಮೇಲೇರಿದವು. ಈಕ್ವೆಡಾರ್ ಹೇಳುವ ಪ್ರಕಾರ, ಮಿರಾಜ್‌ಗಳು ಎರಡು ಸುಖೋಯ್-22ಗಳನ್ನೂ ಒಂದು ಕ್ಫೀರ್ ಒಂದು ಎ-37 ವಿಮಾನವನ್ನೂ ಉರುಳಿಸಿದವು. ಆ ದಿನವನ್ನು ಅಲ್ಲಿ ಇಂದಿಗೂ ಆಚರಿಸುತ್ತಾರೆ.

ಆದರೆ ಗೆದ್ದ ವಿಮಾನಗಳಿಗೂ ವಯಸ್ಸಾಗುತ್ತದೆ. 1999ರಲ್ಲಿ ಈಕ್ವೆಡಾರ್‌ನ ಬ್ಯಾಂಕುಗಳು ಕುಸಿದವು. 2000ದಲ್ಲಿ ತನ್ನ ಸ್ವಂತ ನಾಣ್ಯ ಸುಕ್ರೆಯನ್ನು ಕೈಬಿಟ್ಟು ಅಮೆರಿಕದ ಡಾಲರನ್ನೇ ಆ ದೇಶ ಒಪ್ಪಿಕೊಂಡಿತು. ಇಂಥ ಹೊತ್ತಿನಲ್ಲಿ ಬಿಡಿಭಾಗಕ್ಕೆ ದುಡ್ಡು ಎಲ್ಲಿಂದ ಬರಬೇಕು?

ಬಿಡಿಭಾಗ ಎಂದಾಗ ನಮ್ಮ ಕಣ್ಣ ಮುಂದೆ ಎಂಜಿನ್, ರೆಕ್ಕೆ ಬರುತ್ತವೆ. ಹ್ಯಾಂಗರ್‌ನಲ್ಲಿ ಕೆಲಸ ಮಾಡುವವರನ್ನು ಕಾಡುವುದು ಅದಕ್ಕಿಂತ ಚಿಕ್ಕ ವಸ್ತುಗಳು. ಒಂದು ಉದಾಹರಣೆ ಕೊಡುತ್ತೇನೆ. ಯುದ್ಧವಿಮಾನಕ್ಕೆ ಅಪಾಯ ಬಂದಾಗ ಪೈಲಟ್ ಕೂತ ಸೀಟೇ ಅವನನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತದೆಯಲ್ಲ, ಅದನ್ನು ಚಿಮ್ಮಿಸುವುದು ಸೀಟಿನೊಳಗಿನ ಪುಟ್ಟ ಸ್ಫೋಟಕ ತೋಟಾಗಳು. ಔಷಧದ ಬಾಟಲಿಗೆ ಇದ್ದಂತೆ ಅವಕ್ಕೂ ಅವಧಿ ಇದೆ. ಅವಧಿ ಮುಗಿದ ತೋಟಾ ಇಟ್ಟುಕೊಂಡು ಹಾರುವಂತಿಲ್ಲ. ಎಂಜಿನ್ ಗಟ್ಟಿ, ರೆಕ್ಕೆ ಗಟ್ಟಿ, ಪೈಲಟ್ ಸಿದ್ಧ. ತೋಟಾ ಬರುವತನಕ ಕೋಟಿಗಟ್ಟಲೆ ಬೆಲೆಯ ವಿಮಾನ ಸುಮ್ಮನೆ ನಿಂತಿರಬೇಕು. ರಬ್ಬರಿನ ಸೀಲು, ಟೈರು, ಹೈಡ್ರಾಲಿಕ್ ಪಂಪು ಎಲ್ಲದರ ಕಥೆಯೂ ಇದೇ.

ಬರುವುದು ತಡವಾದರೆ ಪಕ್ಕದ ವಿಮಾನದಿಂದ ಬಿಚ್ಚಿ ಹಾಕುತ್ತಾರೆ. ಮುಂದಿನ ತಿಂಗಳು ಇನ್ನೊಂದು ಭಾಗ. ನಾಲ್ಕು ಹಾರಲಿ ಎಂದು ಎಂಟನ್ನು ಬರಿದು ಮಾಡುವ ಲೆಕ್ಕವಿದು. ಹಾರುವ ವಿಮಾನಗಳು ಕಡಿಮೆಯಾದಂತೆ ಪೈಲಟ್‌ಗೆ ಸಿಗುವ ಹಾರಾಟದ ಗಂಟೆಗಳೂ ಕಡಿಮೆ. ಕೈ ಪಳಗದ ಪೈಲಟ್ ತಪ್ಪು ಮಾಡುವ ಸಾಧ್ಯತೆ ಹೆಚ್ಚು. ಆಗ ಬಿದ್ದ ವಿಮಾನಕ್ಕೆ ಕಾರಣ ಮನುಷ್ಯನೋ ಯಂತ್ರವೋ ಉಗ್ರಾಣವೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಈಕ್ವೆಡಾರ್‌ನ ಪಡೆ ಇಂಥ ಸ್ಥಿತಿಯಲ್ಲಿದ್ದಾಗಲೇ, 2008ರ ಮಾರ್ಚ್ 1ರಂದು ಕೊಲಂಬಿಯಾದ ಪಡೆಗಳು ಬಂಡುಕೋರರ ಬೆನ್ನುಹತ್ತಿ ಈಕ್ವೆಡಾರ್‌ನ ನೆಲದೊಳಗೇ ಬಾಂಬು ಹಾಕಿ ಹೋದವು. ದೇಶ ಅವಮಾನದಿಂದ ಕುದಿಯಿತು. ಅಧ್ಯಕ್ಷ ರಫಾಯೆಲ್ ಕೊರೆಯಾ ಅವರ ಸರಕಾರ ಅವಸರದಲ್ಲಿ ಕೊಳ್ಳಲು ಕೂತಿತು. ಬ್ರೆಜಿಲ್‌ನಿಂದ 24 ಸೂಪರ್ ಟುಕಾನೊ ಎಂದು ಹೊರಟಿದ್ದು, ಕೊನೆಗೆ 18ಕ್ಕೆ ಇಳಿಯಿತು. ಉಳಿಸಿದ ಹಣದಲ್ಲಿ ದಕ್ಷಿಣ ಆಫ್ರಿಕಾ ಬಳಸಿ ಬಿಟ್ಟ 12 ಚೀತಾ ವಿಮಾನಗಳು ಬಂದವು. ವೆನೆಜುವೆಲಾ ತನ್ನ ಹಳೆಯ ಆರು ಮಿರಾಜ್-50ಗಳನ್ನು ಉಡುಗೊರೆಯಾಗಿ ಕೊಟ್ಟಿತು. ಚೀನಾದಿಂದ ಆರು ಕೋಟಿ ಡಾಲರಿನ ರಡಾರ್‌ಗಳಿಗೆ ಒಪ್ಪಂದವಾಯಿತು. ಅವು ಸರಿಯಾಗಿ ಕೆಲಸ ಮಾಡಲಿಲ್ಲವೆಂದು 2013ರಲ್ಲಿ ಅದೂ ಮುರಿಯಿತು. ಭಾರತದಿಂದ ನಾಲ್ಕೂವರೆ ಕೋಟಿ ಡಾಲರಿನ ಏಳು ಧ್ರುವಗಳು.

ಈ ಪಟ್ಟಿಯನ್ನು ಉಗ್ರಾಣದ ಮೇಲ್ವಿಚಾರಕನ ಕಣ್ಣಿನಿಂದ ನೋಡಿ. ಕ್ಫೀರ್, ಮಿರಾಜ್-50, ಚೀತಾ ಮೂರೂ ಒಂದೇ ಫ್ರೆಂಚ್ ಬೀಜದ ಅಣ್ಣತಮ್ಮಂದಿರು. ಮಿರಾಜ್‌ಗೂ ಚೀತಾಗೂ ಎಂಜಿನ್ ಕೂಡ ಹೊಂದುತ್ತದೆ. ಆದರೆ ಒಳಗಿನ ವಿದ್ಯುನ್ಮಾನ ಬೇರೆ, ಕೈಪಿಡಿ ಬೇರೆ, ಪತ್ರ ಬರೆಯಬೇಕಾದ ವಿಳಾಸ ಬೇರೆ. ಪ್ರತಿ ಹೊಸ ಜಾತಿಯ ವಿಮಾನಕ್ಕೂ ಹೊಸ ಕಪಾಟು, ಹೊಸ ಉಪಕರಣ, ತರಬೇತಿಗೆ ಹೊಸ ದೇಶಕ್ಕೆ ಹೋಗಿಬರುವ ಮೆಕ್ಯಾನಿಕ್ಕುಗಳು. ಆನೆ ಪುಕ್ಕಟೆ ಸಿಕ್ಕರೂ ಮಾವುತ, ಮೇವು, ಅಂಕುಶಕ್ಕೆ ಪ್ರತಿ ತಿಂಗಳೂ ಬಿಲ್ಲು ಬರುತ್ತದೆ.

ಈಗ ಧ್ರುವದ ಜಗಳಕ್ಕೆ ಬರೋಣ. 2014ರ ಫೆಬ್ರುವರಿಯಲ್ಲಿ ಬಿದ್ದದ್ದು ಅಧ್ಯಕ್ಷರ ಓಡಾಟಕ್ಕೆಂದು ಇದ್ದ ಹೆಲಿಕಾಪ್ಟರ್. ಅವರು ಅದರಲ್ಲಿರಲಿಲ್ಲ, ಮೂವರು ಸತ್ತರು. ನಾಲ್ಕು ಅಪಘಾತಗಳಲ್ಲಿ ಎರಡಕ್ಕೆ ಯಂತ್ರದೋಷ ಕಾರಣವೆಂದು ಈಕ್ವೆಡಾರ್ ಹೇಳಿತು. ಬಿಡಿಭಾಗ ಹೊತ್ತಿಗೆ ಬರಲಿಲ್ಲವೆಂದೂ ದೂರಿತು. ಖಾತರಿಯ ಅವಧಿ ಮುಗಿದ ಮೇಲೆ ನಿರ್ವಹಣೆ ಕೊಂಡವರ ಜವಾಬ್ದಾರಿ ಎಂದು ಎಚ್‌ಎಎಲ್ ಉತ್ತರಿಸಿತು. ಇಲ್ಲೊಂದು ಹೋಲಿಕೆ ಮಾಡಬಹುದು. 2025ರ ಜನವರಿಯಲ್ಲಿ ಪೋರಬಂದರ್‌ನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದಾಗ ಭಾರತವೂ ತನ್ನ ಧ್ರುವಗಳನ್ನು ನೆಲಕ್ಕಿಳಿಸಿತು. ಆದರೆ ಇಲ್ಲಿ ವಿನ್ಯಾಸ ಮಾಡಿದ ಎಂಜಿನಿಯರುಗಳು ಒಂದು ಫೋನಿನ ದೂರದಲ್ಲಿದ್ದಾರೆ, ಪರೀಕ್ಷಿಸಿ ನೋಡಲು ನೂರಾರು ಹೆಲಿಕಾಪ್ಟರುಗಳಿವೆ. ಏಳನ್ನೇ ಕೊಂಡವನ ಉಗ್ರಾಣದಿಂದ ಬೆಂಗಳೂರು ಅರ್ಧ ಭೂಗೋಳದಷ್ಟು ದೂರ.

ಸೆನೆಪಾದಲ್ಲಿ ವಿಮಾನ ಕಳೆದುಕೊಂಡ ಪೆರು ಮಾಡಿದ್ದೂ ಇಂಥದೇ ಅವಸರ. ಬೆಲಾರೂಸ್‌ನಿಂದ 18 ಬಳಸಿದ ಮಿಗ್-29 ಕೊಂಡಿತು. ನಾವು ಮಾರಿದ್ದಲ್ಲ, ನಾವು ನೋಡಿಕೊಳ್ಳುವುದಿಲ್ಲ ಎಂದಿತು ರಷ್ಯಾ. ಕೊನೆಗೆ ರಷ್ಯಾದಿಂದಲೇ ಇನ್ನೂ ಮೂರು ಹೊಸ ಮಿಗ್ ಕೊಂಡ ಮೇಲೆ ನೆರವು ಸಿಕ್ಕಿತು.

ಇಂದು ಈಕ್ವೆಡಾರ್‌ನ ಆಕಾಶ ಕಾಯುತ್ತಿರುವುದು ಮುಖ್ಯವಾಗಿ ಮೂತಿಯಲ್ಲಿ ಪಂಖವಿರುವ ಬ್ರೆಜಿಲ್‌ನ ಆ ಸೂಪರ್ ಟುಕಾನೊಗಳೇ. ಜಾಗ್ವಾರ್‌ಗಳು ಈ ಶತಮಾನದ ಮೊದಲ ದಶಕದಲ್ಲೇ ನಿಂತುಹೋದವು. ಮಿರಾಜ್, ಚೀತಾಗಳೂ ನಿಂತವು. ಟುಕಾನೊ ಶಬ್ದದ ವೇಗ ದಾಟಲಾರದು ನಿಜ. ಆದರೆ ಮಾದಕವಸ್ತು ಹೊತ್ತು ರಾತ್ರಿ ನುಸುಳುವ ಪುಟ್ಟ ವಿಮಾನವನ್ನು ಹಿಡಿಯಲು ಅಷ್ಟು ವೇಗ ಬೇಕಿಲ್ಲ. ಮಾಡಿದ ಕಾರ್ಖಾನೆ ಅದೇ ಖಂಡದಲ್ಲಿದೆ, ಅದೇ ಬಗೆಯ ವಿಮಾನ ನೆರೆಯ ಕೊಲಂಬಿಯಾದಲ್ಲೂ ಇದೆ.

ಅದೇ ಜಾಗ್ವಾರ್ ನಮ್ಮ ವಾಯುಪಡೆಯಲ್ಲಿ ಹಾರುವುದನ್ನು ನಿಲ್ಲಿಸಲಿಲ್ಲ. ಏಕೆಂದರೆ ಅದನ್ನು ನಾವು ಬೆಂಗಳೂರಿನಲ್ಲೇ ಕಟ್ಟಿದೆವು, ಬಿಚ್ಚಿ ಜೋಡಿಸಲು ಕಲಿತೆವು. ಇಷ್ಟಾದರೂ ಬಿಡಿಭಾಗಕ್ಕೆಂದು ಫ್ರಾನ್ಸಿನಿಂದ 31 ನಿವೃತ್ತ ಜಾಗ್ವಾರ್‌ಗಳ ಒಡಲುಗಳನ್ನು ನಾವು ಪಡೆಯಬೇಕಾಯಿತು. ಕಾರ್ಖಾನೆ ಇದ್ದವರ ಪಾಡೇ ಇದು. ಹೊಸ ವಿಮಾನ ಬಂದ ದಿನ ಮಂತ್ರಿಗಳು ಅದರ ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹಿಂದೆ ಉಗ್ರಾಣದಲ್ಲಿ ಒಬ್ಬ ಹೊಸ ಕಪಾಟು ಹೊಡೆಸಿ, ಅದರಲ್ಲಿ ಇಡಲು ಏನು ಬರುತ್ತದೆಂದು ಕಾಯುತ್ತಿರುತ್ತಾನೆ. ಆ ವಿಮಾನ ಹತ್ತು ವರ್ಷದ ಮೇಲೂ ಹಾರುತ್ತದೆಯೇ ಎಂದು ತಿಳಿಯಬೇಕಾದರೆ ಅವನನ್ನು ಕೇಳಿ.